ಲಿಯೊನಾರ್ಡೊಗೆ ಮಾತ್ರ ರಿಯಾಯಿತಿ

ಹಸ್ತಶೋಧಕ ಎಂಬ ಯಂತ್ರ ಬಂದ ಮೇಲೆ ಯಾವ ಚಿತ್ರದ ಮುಂದೆ ನಿಂತರೂ ಜನ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಕೈ ಒಂದಾ, ಎರಡಾ?”

ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಅದೊಂದು ಬೈಗುಳವೇ ಆಗಿಬಿಟ್ಟಿತ್ತು. ತೂಕದಲ್ಲಿ ಮೋಸ ಮಾಡಿದವನಿಗೆ “ನಿನ್ನದು ಎರಡು ಕೈಯ ವ್ಯಾಪಾರ ಮಾರಾಯ” ಅನ್ನುತ್ತಿದ್ದರು. ಶಾಲೆಗಳಲ್ಲಿ ಮಕ್ಕಳ ಚಿತ್ರಗಳನ್ನು ಮೊಬೈಲಿನ ಶೋಧಕಕ್ಕೆ ಹಿಡಿದು, ಮಗು ಬಿಡಿಸಿದ್ದೆಷ್ಟು, ಅಮ್ಮ ತಿದ್ದಿದ್ದೆಷ್ಟು ಎಂದು ನೋಡುತ್ತಿದ್ದರು. ಬೋರ್ಡ್ ಬರೆಯುವವರು ಸಹಾಯಕರನ್ನು ಬಿಟ್ಟು ಒಬ್ಬರೇ ಏಣಿ ಹತ್ತತೊಡಗಿದ್ದರು. ದೇವಸ್ಥಾನವಿರಲಿ, ಇಗರ್ಜಿಯಿರಲಿ, ಗೋಡೆಯ ಚಿತ್ರದ ಕೆಳಗೆ ಕಲಾವಿದರ ಹೆಸರು ಹಾಕಬೇಕಾದರೆ ಯಂತ್ರದ ಪ್ರಮಾಣಪತ್ರ ಬೇಕೇ ಬೇಕಿತ್ತು.

ಯಂತ್ರದ ತತ್ತ್ವ ತೀರಾ ಕಷ್ಟದ್ದಲ್ಲ. ಬಣ್ಣದ ಪದರದೊಳಗೆ ಕುಂಚದ ಕೂದಲು ಎಳೆದ ಗೀರುಗಳು ಉಳಿದಿರುತ್ತವೆ. ಗೀರಿನ ಆಳ, ಕುಂಚ ಊರಿದ ಜಾಗ, ಎತ್ತಿದ ಜಾಗ, ನಡುವಿನ ವೇಗ, ಇಷ್ಟನ್ನೂ ಯಂತ್ರ ಕಣ್ಣಿಗೆ ಕಾಣದ ತರಂಗಗಳಿಂದ, ಚಿತ್ರವನ್ನು ಮುಟ್ಟದೆಯೇ ಅಳೆಯುತ್ತಿತ್ತು. ಆರೋಗ್ಯವಂತರ ಕೈ ಕೂಡ ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ ಸಣ್ಣಗೆ ನಡುಗುತ್ತಿರುತ್ತದೆ; ಆ ನಡುಕದ ಅಚ್ಚೂ ಗೀರಿನಲ್ಲಿ ಸಿಗುತ್ತಿತ್ತು. ಜನಸಂದಣಿಯಲ್ಲಿ ನಡಿಗೆ ನೋಡಿಯೇ ನಾವು ಪರಿಚಯದವರನ್ನು ಗುರುತು ಹಿಡಿಯುವ ಹಾಗೆ ಅದು ಗೀರು ನೋಡಿ ಕೈಯನ್ನು ಗುರುತು ಹಿಡಿಯುತ್ತಿತ್ತು. ಒಬ್ಬರ ಗೀರುಗಳಿಗೆ ನೀಲಿ, ಇನ್ನೊಬ್ಬರದಕ್ಕೆ ಕಿತ್ತಳೆ ಬಣ್ಣ ಕೊಟ್ಟು ಪರದೆಯ ಮೇಲೆ ನಕ್ಷೆ ತೋರಿಸುತ್ತಿತ್ತು.

ಡಾ. ಮುಕ್ತಾ ಐತಾಳ ಈ ಯಂತ್ರವನ್ನು ಕಟ್ಟಿದವರಲ್ಲಿ ಒಬ್ಬಳು, ಮಂಗಳೂರಿನ ಕಲಾಪರೀಕ್ಷಾ ಕೇಂದ್ರದ ಮುಖ್ಯಸ್ಥೆ. ಓದಿದ್ದು ಭೌತವಿಜ್ಞಾನವಾದರೂ ಅವಳ ಮನಸ್ಸೆಲ್ಲ ಇಟಲಿಯ ಪುನರುಜ್ಜೀವನ ಕಾಲದ ಚಿತ್ರಕಾರರಲ್ಲಿತ್ತು. ವೆರೋಕಿಯೊ ಎಂಬ ಗುರುವಿನ ‘ಕ್ರಿಸ್ತನ ದೀಕ್ಷಾಸ್ನಾನ’ ಚಿತ್ರದಲ್ಲಿ ಎಡತುದಿಯ ದೇವದೂತನನ್ನು ಬರೆದವನು ಅವನ ಶಿಷ್ಯ ಲಿಯೊನಾರ್ಡೊ; ಅದನ್ನು ಕಂಡ ಗುರು ಮತ್ತೆ ಬಣ್ಣ ಮುಟ್ಟಲಿಲ್ಲ ಎಂಬ ಕಥೆ ನಾನೂರೈವತ್ತು ವರ್ಷಗಳಿಂದ ಇದೆ. ಮುಕ್ತಾಳ ಯಂತ್ರ ಆ ದೇವದೂತನ ಸುತ್ತ ಕಿತ್ತಳೆ ಗೆರೆ ಎಳೆದ ದಿನ ಅವಳ ಹೆಸರು ಊರೂರಿಗೆ ತಲುಪಿತು. ರಫಾಯೆಲನ ಕೈಕೆಳಗೆ ಐವತ್ತರಷ್ಟು ಜನ ಇದ್ದರೆಂದು ಹಳೆಯ ಬರಹಗಾರರು ಹೇಳಿದ್ದರು; ಅವರನ್ನೂ ಯಂತ್ರ ಒಬ್ಬೊಬ್ಬರನ್ನಾಗಿ ಬೇರ್ಪಡಿಸಿತು. ಗುರು ಮುಖ ಬರೆಯುವುದು, ಶಿಷ್ಯರು ಬಟ್ಟೆ, ಬೆಟ್ಟ, ಆಕಾಶ ತುಂಬುವುದು ಅಂದಿನ ಪದ್ಧತಿ. ಆ ಪದ್ಧತಿ ಮುಕ್ತಾಳಿಗೆ ಬಾಯಿಪಾಠವಾಗಿತ್ತು.

ಬೆನ್ನಬಾಯಿಯ ಚಿತ್ರದ ನಕ್ಷೆ ಬಂದಾಗ ಅವಳು ಓದಿದ್ದೂ ಅದೇ ಪಾಠವನ್ನು.

ಬೆನೆಡಿಕ್ಟಾ ಲೋಬೊ ಎಂಬ ಬೆನ್ನಬಾಯಿ ಕರಾವಳಿಯ ಇಗರ್ಜಿಗಳಿಗೆ ಚಿತ್ರ ಬರೆದು ಬದುಕಿದವರು. ಎಂಬತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ಕಡಲ ಬದಿಯ ಒಂದು ಇಗರ್ಜಿಯ ಸಭಾಭವನದಲ್ಲಿ ಗೋಡೆಯಗಲಕ್ಕೆ ಅವರು ಬರೆದ ‘ಕೊನೆಯ ಭೋಜನ’ ಇತ್ತು. ಲಿಯೊನಾರ್ಡೊ ಮಿಲಾನಿನ ಊಟದ ಮನೆಯ ಗೋಡೆಗೆ ಬರೆದ ಚಿತ್ರದ ಪ್ರತಿ ಅದು. ಮೂಲದ ಬಣ್ಣ ಅವನು ಬದುಕಿದ್ದಾಗಲೇ ಉದುರತೊಡಗಿತ್ತು. 1652ರಲ್ಲಿ ಗೋಡೆಗೆ ಬಾಗಿಲು ಕೊರೆದಾಗ ಮೇಜಿನ ಕೆಳಗಿದ್ದ ಯೇಸುವಿನ ಪಾದಗಳೇ ಹೋದವು. ಪಾದ ಉಳಿದಿರುವ ಹಳೆಯ ಪ್ರತಿಯೊಂದು ಲಂಡನ್ನಿನಲ್ಲಿದೆ. ಬೆನ್ನಬಾಯಿಯ ಹತ್ತಿರ ಇದ್ದದ್ದು ಒಂದು ಕ್ಯಾಲೆಂಡರು. ಆದರೂ ಅವರ ಚಿತ್ರದಲ್ಲಿ ಪಾದಗಳಿದ್ದವು: ಹಿಮ್ಮಡಿ ಒಡೆದ, ಬೆರಳು ಅಗಲವಾದ, ಮರಳಲ್ಲಿ ನಡೆದವನ ಪಾದಗಳು. ಪವಿತ್ರ ಗುರುವಾರದಂದು ಊರವರು ಸಾಲಾಗಿ ಬಂದು ಅವನ್ನು ಮುಟ್ಟಿ ಬೆರಳನ್ನು ತುಟಿಗೊತ್ತಿಕೊಳ್ಳುತ್ತಿದ್ದರು. ಮುಟ್ಟಿ ಮುಟ್ಟಿ ಆ ಭಾಗದ ಬಣ್ಣ ನುಣುಪಾಗಿತ್ತು.

ಸಭಾಭವನ ನವೀಕರಣವಾದಾಗ ಚಿತ್ರದ ಕೆಳಗೆ ಅವರ ಹೆಸರಿನ ಹಿತ್ತಾಳೆ ಫಲಕ ಹಾಕಬೇಕೆಂದು ಊರವರು ತೀರ್ಮಾನಿಸಿದರು. ಫಲಕಕ್ಕೆ ಪ್ರಮಾಣಪತ್ರ ಬೇಕು. ಮುಕ್ತಾ ಯಂತ್ರ ತಂದಳು. ಪಾದ್ರಿಗಳ ಎದುರು, ಹತ್ತು ಜನರ ಎದುರು, ಬೆನ್ನಬಾಯಿ ಮಾದರಿಗಾಗಿ ಒಂದು ಹಾಳೆಯ ಮೇಲೆ ಕುಂಚದಿಂದ ಗೆರೆ ಎಳೆದುಕೊಟ್ಟರು, ಬಲಗೈಯಲ್ಲಿ. ಆ ಗೆರೆಗೆ ಹೊಂದಿದ್ದು ಚಿತ್ರದ ಮೂರರಲ್ಲಿ ಒಂದು ಪಾಲು ಮಾತ್ರ: ಯೇಸುವಿನ ಮುಖ ಮತ್ತು ಕೈಗಳು, ಹೆಚ್ಚಿನ ಶಿಷ್ಯರ ಮುಖಗಳು. ಉಳಿದ ಮೇಜುಬಟ್ಟೆ, ರೊಟ್ಟಿ, ಕಿಟಕಿಯಾಚೆಯ ಬೆಟ್ಟ, ಪಾದಗಳು, ಎಲ್ಲ ಕಿತ್ತಳೆ. ಚಿತ್ರದಲ್ಲಿ ಜೀವವಿದ್ದದ್ದು ಕಿತ್ತಳೆಯಲ್ಲೇ ಎಂದು ಯಾರಿಗಾದರೂ ಕಾಣುತ್ತಿತ್ತು.

“ಈ ಇನ್ನೊಂದು ಕೈ ಯಾರದ್ದು ಬಾಯಮ್ಮ?” ಎಂದು ಮುಕ್ತಾ ಎಲ್ಲರ ಎದುರೇ ಕೇಳಿದ್ದಳು.

ಬೆನ್ನಬಾಯಿ ಪರದೆಯನ್ನು ನೋಡಿದರು, ಗೋಡೆಯನ್ನು ನೋಡಿದರು. ಜನರ ನಡುವಿನಿಂದ ಯಾರೋ ಹೇಳಿದರು: “ಲಾರೆನ್ಸ್ ಇದ್ನಲ್ಲ, ತಮ್ಮ. ಬೋರ್ಡ್ ಬರೀತಿದ್ದ. ಆಗ ದಿನಾ ಇಲ್ಲೇ ಇರ್ತಿದ್ದ.” ಲಾರೆನ್ಸ್ ತೀರಿಹೋಗಿ ಬಹಳ ಕಾಲವಾಗಿತ್ತು. ಬೆನ್ನಬಾಯಿ ಆಗಲೂ ಮಾತಾಡಲಿಲ್ಲ. ಆ ಮೌನವನ್ನು ಮುಕ್ತಾ ಒಪ್ಪಿಗೆ ಎಂದು ಬರೆದುಕೊಂಡಳು.

ಪಾಲು ಹೆಚ್ಚಿದ್ದವರ ಹೆಸರು ಮೊದಲು ಬರಬೇಕೆಂಬುದು ನಿಯಮ. ಫಲಕ ಹೀಗೆ ಬಂತು: ‘ಲಾರೆನ್ಸ್ ಲೋಬೊ ಮತ್ತು ಸಹೋದರಿ’. ಪತ್ರಿಕೆಗಳು ‘ತಮ್ಮನ ಕುಂಚ, ಅಕ್ಕನ ಹೆಸರು’ ಎಂದು ಬರೆದವು. ಅಲ್ಲಿಂದ ಮುಂದೆ ಬೆನ್ನಬಾಯಿಯಿಂದ ಯಾರೂ ಚಿತ್ರ ಬರೆಸಲಿಲ್ಲ. ಅವರು ಪೂಜೆಗೆ ಹೋಗುವಾಗ ಮಾತ್ರ ಹೊರಗೆ ಕಾಣಿಸಿಕೊಳ್ಳುತ್ತಿದ್ದರು, ಅದೂ ಕೊನೆಯ ಬೆಂಚಿನಲ್ಲಿ.

ಮುಕ್ತಾಳ ಮಟ್ಟಿಗೆ ಅದು ಮುಗಿದ ಕೆಲಸವಾಗಿತ್ತು. ವರ್ಷ ಕಳೆದ ಮೇಲೊಂದು ದಿನ ಇಮ್ತಿಯಾಝ್ ಕೇಳಿದ ಪ್ರಶ್ನೆಯಿಂದ ಅದು ಮತ್ತೆ ತೆರೆದುಕೊಂಡಿತು.

ಇಮ್ತಿಯಾಝ್ ಕೇಂದ್ರದ ತಂತ್ರಜ್ಞ, ಉಳ್ಳಾಲದವನು, ಮಾತಿಗೊಮ್ಮೆ ತಮಾಷೆ. ಯಂತ್ರವನ್ನು ನಡೆಸುವ ಹಳೆಯ ಕಂಪ್ಯೂಟರ್ ಆಜ್ಞಾವಳಿಯನ್ನು ಗುಡಿಸಿ ಸ್ವಚ್ಛಗೊಳಿಸುತ್ತಿದ್ದ. ನಿಯಂತ್ರಣ ಕೊಠಡಿಯ ಗಾಜಿನಾಚೆ ಮುಕ್ತಾಳನ್ನು ಕಂಡು ಕೈಮಾಡಿ ಕರೆದ.

“ಮೇಡಂ, ಇಲ್ಲೊಂದು ಸಾಲುಂಟು. ಯಾರೋ ಕೈಯಲ್ಲೇ ಬರೆದು ಸೇರಿಸಿದ್ದಾರೆ. ‘ಲಿಯೊನಾರ್ಡೊ ಆದರೆ: ಎರಡು ಕೈ, ವ್ಯಕ್ತಿ ಒಬ್ಬನೇ.’ ಇವನೊಬ್ಬನಿಗೆ ಎಂತಕ್ಕೆ ರಿಯಾಯಿತಿ? ಸ್ಟೂಡೆಂಟ್ ಪಾಸಾ?”

“ಅದು ನಾನೇ ಸೇರಿಸಿದ್ದು” ಅಂದಳು ಮುಕ್ತಾ. “ಮೊದಮೊದಲು ಯಂತ್ರ ಅವನನ್ನು ಇಬ್ಬರು ಅಂತ ತೋರಿಸ್ತಿತ್ತು. 1473ರ ಒಂದು ರೇಖಾಚಿತ್ರ ಉಂಟು. ಮುಂದಿನ ಬದಿಯಲ್ಲಿ ಎಡಗೈಯಲ್ಲಿ ಬರೆದ ಕನ್ನಡಿ ಬರಹ, ಹಿಂದಿನ ಬದಿಯಲ್ಲಿ ಬಲಗೈಯದ್ದು. ಎರಡೂ ಅವನದ್ದೇ ಅಂತ ಇಟಲಿಯ ತಜ್ಞರು 2019ರಲ್ಲೇ ಹೇಳಿದ್ದಾರೆ. ಅವನಿಗೆ ಎರಡೂ ಕೈ ಆಗ್ತಿತ್ತು.”

“ಹಾಗಾದ್ರೆ ಯಂತ್ರಕ್ಕೆ ತಪ್ಪಿತ್ತು.”

“ಲಿಯೊನಾರ್ಡೊ ವಿಷಯದಲ್ಲಿ.”

“ಸರಿ. ಇಡ್ಲಾ, ತೆಗೀಲಾ?”

“ಇಡು” ಅಂದು ಅವಳು ಹೊರಟಳು. ಕಾರಿನಲ್ಲಿ ಕೂತ ಮೇಲೆ ಅವನ ಒಂದು ಮಾತು ಹಲ್ಲಿಗೆ ಸಿಕ್ಕಿದ ನಾರಿನಂತೆ ಕಿರಿಕಿರಿ ಮಾಡತೊಡಗಿತು. ಯಂತ್ರಕ್ಕೆ ತಪ್ಪಿತ್ತು. ಆಗ ಅವಳು ಯಾರನ್ನು ನಂಬಿದ್ದಳು? ಯಂತ್ರವನ್ನಲ್ಲ, ಲಿಯೊನಾರ್ಡೊನನ್ನು.

ಮನೆಯಲ್ಲಿ ಅತ್ತೆ ಯಮುನಮ್ಮ ಹಿಂದಿನ ಜಗಲಿಯಲ್ಲಿ ಗೋಣಿ ಹಾಸಿ ಹಲಸಿನ ಹಣ್ಣಿಗೆ ಕೂತಿದ್ದರು. ಕತ್ತಿಗೆ, ಕೈಗೆ ತೆಂಗಿನೆಣ್ಣೆ ಸವರಿ ಹಣ್ಣನ್ನು ಒಂದೇ ಏಟಿಗೆ ಎರಡಾಗಿಸಿದರು. ಮುಕ್ತಾ ಚಪ್ಪಲಿ ಕಳಚುತ್ತಿದ್ದವಳು ಹಾಗೇ ನಿಂತಳು.

“ಅತ್ತೆ, ನೀವು ಎಡಗೈಯಲ್ಲಿ ಕೊಯ್ತೀರಿ!”

“ಹಲಸಿಗೆ ಮತ್ತೆಂತ ಬಲಗೈ? ಮೇಣ ಹಿಡೀತದೆ.”

“ಯಾವಾಗಿಂದ ಹೀಗೆ?”

“ಹುಟ್ಟಿದಾಗಿಂದ. ಸಣ್ಣದಿರುವಾಗ ಅಪ್ಪಯ್ಯ ಬೆತ್ತ ಹಿಡ್ಕೊಂಡು ಎದುರು ಕೂತು ಬರೆಯುದು, ಉಣ್ಣುದು, ದೀಪ ಹಚ್ಚುದು ಎಲ್ಲ ಬಲಗೈಗೆ ಮಾಡಿಸಿದ್ರು. ಅಡುಗೆಮನೆ ಒಳಗೆ ಅವ್ರು ಬರ್ತಿರ್ಲಿಲ್ಲ. ಹಾಗೆ ಕತ್ತಿ ಮಾತ್ರ ಎಡಗೈಯಲ್ಲಿ ಉಳೀತು.”

“ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ನೋಡ್ಲೇ ಇಲ್ಲ.”

“ನೀನು ಮಿಲಾನಿನ ಗೋಡೆ ನೋಡುವವಳು. ಹಲಸು ಕೊಯ್ಯುವವರನ್ನು ಎಲ್ಲಿ ನೋಡ್ತಿ?” ಎಂದು ಯಮುನಮ್ಮ ನಕ್ಕು ಒಂದು ಸೊಳೆ ಬಿಡಿಸಿ ಸೊಸೆಯ ಕೈಗಿಟ್ಟರು, ಈಗ ಬಲಗೈಯಲ್ಲಿ.

ಮುಕ್ತಾ ಅದನ್ನು ತಿನ್ನಲಿಲ್ಲ. ಒಳಗಿನಿಂದ ಬಣ್ಣ, ಕುಂಚ, ಹಾಳೆ ತಂದಳು. ಅತ್ತೆ ಕೈ ತೊಳೆದು ಬಂದು ಬಲಗೈಯಲ್ಲಿ ಹೊಸ್ತಿಲಿಗೆ ದಿನಾ ಹಾಕುವ ತಾವರೆಯನ್ನು ಬರೆದುಕೊಟ್ಟರು. “ಈಗ ಇದನ್ನೇ ಎಡಗೈಯಲ್ಲಿ” ಅಂದರೆ ತಲೆಯಾಡಿಸಿಬಿಟ್ಟರು.

“ಎಡಗೈಯಲ್ಲಿ ತಾವರೆಯಾ? ಬೇಡಪ್ಪ. ಹಲಸು ಬೇಕಾದ್ರೆ ಬರೀತೇನೆ.”

ಬರೆದದ್ದು ಹಲಸನ್ನೇ. ಮುಳ್ಳು ಮುಳ್ಳಾಗಿ, ತೊಟ್ಟಿನ ಮೇಣದ ಹನಿಯ ಸಮೇತ. ತಾವರೆ ಮುದ್ರೆ ಒತ್ತಿದಂತೆ ಅಚ್ಚುಕಟ್ಟಾಗಿತ್ತು. ಹಲಸು ಈಗಷ್ಟೇ ಮರದಿಂದ ಇಳಿಸಿ ತಂದಂತೆ ಕೂತಿತ್ತು. ಮುಕ್ತಾ ಎರಡನ್ನೂ ಮೊಬೈಲಿಗೆ ಹಿಡಿದಳು. ‘ಕೈಗಳು: ಎರಡು. ವ್ಯಕ್ತಿಗಳು: ಇಬ್ಬರು.’

ಬಲಗೈಯವನೊಬ್ಬ ಎಡಗೈಯಲ್ಲಿ ಬರೆದರೂ ಅವನ ಅಕ್ಷರದ ಚಹರೆ ಬಹುಮಟ್ಟಿಗೆ ಉಳಿಯುತ್ತದೆ ಎಂಬುದು ಬಹಳ ಹಿಂದೆಯೇ ಪ್ರಯೋಗಗಳಲ್ಲಿ ಕಂಡ ವಿಷಯ. ಆ ಆಧಾರದ ಮೇಲೆ ಯಂತ್ರಕ್ಕೆ ಒಬ್ಬ ವ್ಯಕ್ತಿಯ ಎರಡು ಕೈಗಳು ಗೊಂದಲ ತರಲಾರವು ಎಂದು ತಂಡ ತಿಳಿದಿತ್ತು. ಪ್ರಯೋಗಕ್ಕೆ ಬಂದವರೆಲ್ಲ ಒಂದೇ ಕೈಯಲ್ಲಿ ಪಳಗಿದವರು. ಎಳವೆಯಿಂದಲೇ ಒಂದು ಕೈಗೆ ದೇವರ ಕೆಲಸ, ಇನ್ನೊಂದಕ್ಕೆ ಬಾಗಿಲ ಹಿಂದಿನ ಕೆಲಸ ಎಂದು ಹಂಚಿಕೊಟ್ಟವರನ್ನು ಯಾರೂ ಕರೆದಿರಲಿಲ್ಲ. ಅಂಥವರು ಎಷ್ಟು ಮನೆಗಳಲ್ಲಿದ್ದಾರೆಂದು ಈ ಊರಿನಲ್ಲಿ ಹುಟ್ಟಿದ ಮುಕ್ತಾಳಿಗಾದರೂ ಹೊಳೆಯಬೇಕಿತ್ತು.

ಮರುದಿನ ಬೆಳಿಗ್ಗೆ ಅವಳು ಬೆನ್ನಬಾಯಿಯ ಚಿತ್ರದ ನಕ್ಷೆ ತೆರೆದಳು. ಯೇಸುವಿನ ಮುಖ ನೀಲಿ. ಪೇತ್ರ ನೀಲಿ, ಯೋಹಾನ ನೀಲಿ. ಮೇಜಿನ ಉದ್ದಕ್ಕೂ ನೀಲಿ. ಹದಿಮೂರು ಮುಖಗಳಲ್ಲಿ ಒಂದು ಮಾತ್ರ ಕಿತ್ತಳೆ: ಹಣದ ಚೀಲವನ್ನು ಬಲಗೈಯಲ್ಲಿ ಬಿಗಿಹಿಡಿದು, ಎಡಗೈಯನ್ನು ಬಟ್ಟಲಿನತ್ತ ಚಾಚಿದ, ಯೇಸುವಿಗೆ ದ್ರೋಹ ಬಗೆದ ಜುದಾಸ.

ಮುಖಗಳೆಲ್ಲ ಗುರುವಿಗೆ, ಉಳಿದದ್ದು ಶಿಷ್ಯನಿಗೆ ಎಂಬ ಕಾರ್ಯಾಗಾರದ ಲೆಕ್ಕ ಇಲ್ಲಿ ಹೊಂದುತ್ತಿರಲಿಲ್ಲ. ಹನ್ನೆರಡು ಮುಖ ಬರೆದ ಗುರು ಹದಿಮೂರನೆಯದನ್ನು ಮಾತ್ರ ಯಾಕೆ ಬಿಡುತ್ತಾನೆ? ಇದು ಕಳೆದ ವರ್ಷವೂ ಪರದೆಯ ಮೇಲೆ ಹೀಗೆಯೇ ಇತ್ತು. ಅವಳು ನೋಡಿದ್ದಳು, ವರದಿಯಲ್ಲಿ ‘ಒಂದು ಅಪವಾದ’ ಎಂದು ಬರೆದಿದ್ದಳು ಕೂಡ. ಇಮ್ತಿಯಾಝ್ ಚಹಾ ತಂದಿಟ್ಟು ಏನೋ ಹೇಳಿದ. ಮುಕ್ತಾಳಿಗೆ ಅವನು ಹೇಳಿದ್ದು ಕೇಳಿಸಲಿಲ್ಲ.

ಬೆನ್ನಬಾಯಿಯ ಮನೆ ಕುಲಶೇಖರದ ಇಳಿಜಾರಿನಲ್ಲಿತ್ತು. ಬಾಗಿಲು ತೆರೆದೇ ಇತ್ತು. ಒಳಗೆ ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ.

“ಮತ್ತೆ ಬಂದ್ರಾ ಡಾಕ್ಟ್ರೆ? ಈ ಸಲ ಮೂರನೇ ಕೈ ಸಿಕ್ಕಿತಾ?”

“ಬಾಯಮ್ಮ, ನನ್ನಿಂದ ತಪ್ಪಾಗಿದೆ.”

“ಕೂತ್ಕೊಳ್ಳಿ ಮೊದ್ಲು. ನಿಂತ್ಕೊಂಡು ಹೇಳಿದ್ರೆ ಭಾಷಣದ ಹಾಗೆ ಕೇಳ್ತದೆ.”

ಮುಕ್ತಾ ಕೂತಳು. “ಎರಡೂ ಕೈ ನಿಮ್ಮದೇ” ಅಂದಳು.

ಬೆನ್ನಬಾಯಿಯ ಎಡಗೈ ಮಡಿಲಲ್ಲಿತ್ತು. ಅದು ತಾನಾಗಿಯೇ ಸೆರಗಿನ ಒಳಗೆ ಸರಿಯಿತು. ಅವರು ಕೇಳಿದ್ದು ಒಂದೇ ಮಾತು: “ಯಾರಿಗೆಲ್ಲ ಹೇಳಿದ್ರಿ?”

“ಯಾರಿಗೂ ಇಲ್ಲ. ನೀವು ಎಡಗೈಯಲ್ಲಿ ನಾಲ್ಕು ಗೆರೆ ಎಳೆದುಕೊಟ್ರೆ ಸಾಕು, ಯಂತ್ರ...” ಮುಕ್ತಾ ಚೀಲದಿಂದ ಸಣ್ಣ ಶೋಧಕವನ್ನು ತೆಗೆದಳು.

“ಅದನ್ನು ಒಳಗೆ ಇಡಿ.”

ಮುಕ್ತಾ ಒಳಗಿಟ್ಟಳು.

“ನನ್ನ ಅಪ್ಪ ಇಗರ್ಜಿಯ ಪೂಜಾಪೀಠಕ್ಕೆ, ಅಲ್ತಾರಿಗೆ, ಅಲಂಕಾರ ಮಾಡುವವ” ಎಂದು ಬೆನ್ನಬಾಯಿ ಶುರುಮಾಡಿದರು. “ನಾನು ಎಡಗೈಯಲ್ಲಿ ಚಿತ್ರ ಬರೆಯುದು ನೋಡಿ ಅವ ಆ ಕ್ಯಾಲೆಂಡರ್ ತೋರಿಸಿದ. ‘ನೋಡು, ಬಟ್ಟಲಿಗೆ ಎಡಗೈ ಹಾಕಿದ್ದು ಯಾರು? ಜುದಾಸ. ಇದು ಜುದಾಸನ ಕೈ.’ ಬೆರಳಿಗೆ ಬಟ್ಟೆ ಸುತ್ತಿ ಕಟ್ಟಿದ. ಅಲ್ತಾರಿನ ಎದುರು ಮೊಣಕಾಲೂರಿಸಿ ಮಾತು ತಗೊಂಡ, ಸಂತರ ಮುಖಕ್ಕೆ ಈ ಕೈ ಮುಟ್ಟಿಸುದಿಲ್ಲ ಅಂತ. ಅದೇ ಚಿತ್ರದಲ್ಲಿ ಯೇಸುಸ್ವಾಮಿಯೂ ಎಡಗೈ ಚಾಚಿದ್ದಾನೆ, ಅಂಗೈ ಮೇಲೆ ಮಾಡಿ. ಅಪ್ಪನಿಗೆ ಅದು ಕಾಣ್ಲಿಲ್ಲ. ನನಗೆ ಕಂಡಿತ್ತು. ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ.”

“ಅದಕ್ಕೇ ಮುಖಗಳೆಲ್ಲ ಬಲಗೈಯಲ್ಲಿ.”

“ಮಾತು ಕೊಟ್ಟಿದ್ದೆನಲ್ಲ. ಬಲಗೈಗೆ ಕ್ಯಾಲೆಂಡರ್ ನೋಡಿ ಇಳಿಸ್ಲಿಕ್ಕೆ ಬರ್ತದೆ, ಅಷ್ಟೇ. ಸಂತರ ಮುಖ ಮುಗೀತು. ಮತ್ತೆ ಪಾದ. ಕ್ಯಾಲೆಂಡರಿನಲ್ಲಿ ಪಾದ ಇಲ್ಲ, ಬಾಗಿಲು ಉಂಟು. ನೋಡಿ ಬರೆಯುವ ಅಂತ ಲಾರೆನ್ಸನನ್ನು ನಿಲ್ಲಿಸಿದೆ, ಬರಿಗಾಲಲ್ಲಿ. ಬಲಗೈಯಲ್ಲಿ ಎಷ್ಟು ಸಲ ಬರೆದ್ರೂ ಮರದ ಕಾಲು. ಲಾರೆನ್ಸನೇ ಹೇಳಿದ, ‘ಅಕ್ಕ, ಬಾಗಿಲು ಹಾಕ್ತೇನೆ, ಆ ಕೈಯಲ್ಲಿ ಬರಿ’ ಅಂತ. ಮತ್ತೆ ಉಳಿದದ್ದೆಲ್ಲ ಆ ಕೈಯಲ್ಲೇ, ಜುದಾಸನ ಮುಖವೂ, ಅವ ಸಂತ ಅಲ್ಲವಲ್ಲ. ಕಾಲು ಅವನದ್ದು. ಕೈ ನನ್ನದು.”

“ಹಾಗಾದರೆ ಇದನ್ನು ಹೇಳಿಬಿಡುವ ಬಾಯಮ್ಮ. ನಿಮ್ಮ ಹೆಸರು...”

“ಆ ಪಾದಕ್ಕೆ ಊರಿನವರೆಲ್ಲ ಮುತ್ತು ಕೊಟ್ಟಿದ್ದಾರೆ ಡಾಕ್ಟ್ರೆ. ಕಡಲಿಗೆ ಹೋಗುವ ಮೊದ್ಲು ಮುಟ್ಟಿ ಹೋದವರುಂಟು. ಈಗ ಹೋಗಿ, ಅದು ಜುದಾಸನ ಕೈಯಲ್ಲಿ ಬರೆದದ್ದು ಅಂತ ಹೇಳ್ಬೇಕಾ ನಾನು? ಈಗಿನವರಿಗೆ ಅದೇನೂ ಅನ್ನಿಸ್ಲಿಕ್ಕಿಲ್ಲ ಅಂತ ನೀವು ಹೇಳ್ತೀರಿ. ನನಗೆ ಅನ್ನಿಸ್ತದೆ. ಕಳ್ಳಿ ಅಂತ ಹೇಳಿದ್ರೆ ಹೇಳ್ಲಿ. ಲಾರೆನ್ಸನಿಗೆ ಹೆಸರು ಬಂದ್ರೆ ಬರ್ಲಿ, ಪಾಪ, ಬದುಕಿದ್ದಾಗ ಬೀಡಿ ಅಂಗಡಿಯ ಬೋರ್ಡಿಗಿಂತ ಮೇಲೆ ಹೋಗ್ಲಿಲ್ಲ.”

“ಆದ್ರೆ ಸುಳ್ಳು ಹಾಗೇ ಉಳಿಯುತ್ತದಲ್ಲ. ನಾನು ಅದನ್ನು ಸರಿ ಮಾಡ್ಲೇಬೇಕು.”

“ನೀವು ಸರಿ ಮಾಡ್ಲಿಕ್ಕೆ ಹೊರಟದ್ದು ನನ್ನ ಹೆಸರನ್ನಾ, ನಿಮ್ಮ ನಿದ್ರೆಯನ್ನಾ?”

ಮುಕ್ತಾ ಆಗ, ಹೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದದ್ದನ್ನೇ ಹೇಳಿದಳು: ಲಿಯೊನಾರ್ಡೊಗೂ ಎರಡು ಕೈ ಬಂದಿತ್ತು, ಯಂತ್ರ ಅವನನ್ನೂ ಇಬ್ಬರೆಂದಿತ್ತು, ಆಗ ತಾನು ಅವನ ಪರವಾಗಿ ಒಂದು ಸಾಲು ಸೇರಿಸಿದ್ದೆ ಎಂದು.

ಬೆನ್ನಬಾಯಿ ಅವಳ ಮುಖ ನೋಡಿದರು. ಕೋಪ ಬಂದಂತೆ ಕಾಣಲಿಲ್ಲ.

“ಒಳ್ಳೆದಾಯ್ತು” ಅಂದರು. “ಅವನಿಗೂ ಒಬ್ಬ ಅಪ್ಪ ಇದ್ದಿರಬೇಕು.”

ಮುಂದಿನ ವಾರ ಕೇಂದ್ರದಲ್ಲಿ ದೊಡ್ಡ ಕಾರ್ಯಕ್ರಮವಿತ್ತು. ಯಂತ್ರದ ಹೊಸ ರೂಪವನ್ನು ದೆಹಲಿಯ ಅಧಿಕಾರಿಗಳ, ಹೊರದೇಶದ ತಜ್ಞರ, ಪತ್ರಕರ್ತರ ಎದುರು ನೇರಪ್ರಸಾರದಲ್ಲಿ ತೋರಿಸಬೇಕಿತ್ತು. ಕಾರ್ಯಕ್ರಮ ಶುರುವಾಗುವ ಮುಂಚೆ ಮುಕ್ತಾ ನಿಯಂತ್ರಣ ಕೊಠಡಿಗೆ ಬಂದು ಬಾಗಿಲು ಹಾಕಿದಳು.

“ಇಮ್ತಿಯಾಝ್, ಆ ಸಾಲು ತೆಗಿ.”

“ಯಾವುದು, ಲಿಯೊನಾರ್ಡೊನದ್ದಾ?” ಅವನ ಮುಖದ ನಗು ಇಳಿಯಿತು. “ಮೇಡಂ, ಮೊದಲು ತೋರಿಸ್ಲಿಕ್ಕಿರುದೇ ಅವನ ಚಿತ್ರ. ತೆಗೆದ್ರೆ ಎಂತಾಗ್ತದೆ ಗೊತ್ತುಂಟಲ್ಲ?”

“ಗೊತ್ತುಂಟು.”

“ಎಲ್ರೂ ನಗಾಡ್ತಾರೆ.”

“ನಗಲಿ. ಯಂತ್ರ ಏನು ಹೇಳ್ತದೋ ಅದನ್ನೇ ಹೇಳಲಿ, ನನ್ನ ಕೈ ಅದರಲ್ಲಿ ಬೇಡ. ನಾನೇ ತೆಗೆಸಿದ್ದು ಅಂತ ಬರೆದುಕೊಡ್ತೇನೆ, ನಿನ್ನ ಕೆಲಸಕ್ಕೆ ಏನೂ ಆಗುದಿಲ್ಲ.”

“ಕೆಲಸದ್ದು ಅಲ್ಲ ಮೇಡಂ” ಅಂದ ಇಮ್ತಿಯಾಝ್. “ನಿಮ್ಮನ್ನು ನೋಡಿ ನಗಾಡುದು ನಾನು ನೋಡ್ಬೇಕಲ್ಲ.” ಆದರೂ ಅವನ ಬೆರಳು ಕೀಲಿಮಣೆಯ ಮೇಲೆ ಹೋಯಿತು.

ಸಭಾಂಗಣದ ದೊಡ್ಡ ಪರದೆಯಲ್ಲಿ 1473ರ ಆ ರೇಖಾಚಿತ್ರ ಮೂಡಿತು: ಬೆಟ್ಟ, ಕಣಿವೆ, ಒಂದು ಕೋಟೆ. ಮುಂಬದಿ, ಹಿಂಬದಿ ಎರಡರ ಮೇಲೂ ಯಂತ್ರದ ಕಣ್ಣು ಹರಿಯಿತು. ನೀಲಿ ಬಂತು, ಕಿತ್ತಳೆ ಬಂತು. ಕೆಳಗೆ ಅಕ್ಷರಗಳು ಬಂದವು: ‘ಕೈಗಳು: ಎರಡು. ವ್ಯಕ್ತಿಗಳು: ಇಬ್ಬರು.’

ಮೊದಲು ಯಾರೂ ನಗಲಿಲ್ಲ, ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಂದಿನ ಸಾಲಿನ ಹೊರದೇಶದವನೊಬ್ಬ ಕರವಸ್ತ್ರ ಬಾಯಿಗೆ ಅಡ್ಡ ಹಿಡಿದ. ಅಲ್ಲಿಂದ ನಗು ಹಿಂದಿನ ಸಾಲುಗಳಿಗೆ ಹೋಯಿತು. ಮುಕ್ತಾ ಮೈಕಿನ ಮುಂದೆ ನಿಂತು, ಎರಡು ಕೈಯಲ್ಲೂ ಕೆಲಸ ಮಾಡುವವರನ್ನು ಯಂತ್ರ ಇಬ್ಬರೆಂದು ಎಣಿಸುತ್ತದೆ, ಇದುವರೆಗೆ ಕೊಟ್ಟ ‘ಎರಡು ಕೈ’ ತೀರ್ಪುಗಳನ್ನೆಲ್ಲ ಹಿಂತೆಗೆದುಕೊಳ್ಳಲು ಶಿಫಾರಸು ಮಾಡುತ್ತೇನೆ ಎಂದು ಹೇಳಿದಳು. ಆ ದೇವದೂತನನ್ನೂ ಸೇರಿಸಿ.

ಕನ್ನಡ ದಿನಪತ್ರಿಕೆಯ ವರದಿಗಾರ್ತಿಯೊಬ್ಬಳು ಎದ್ದಳು. ಸಣ್ಣ ವಯಸ್ಸು, ದನಿಯಲ್ಲಿ ಅಳುಕಿಲ್ಲ.

“ಮೇಡಂ, ಹಾಗಾದರೆ ಇಷ್ಟು ವರ್ಷ ಲಿಯೊನಾರ್ಡೊ ವಿಷಯದಲ್ಲಿ ಯಂತ್ರ ಸರಿಯಾಗಿಯೇ ಹೇಳ್ತಾ ಇತ್ತಲ್ಲ, ಅದು ಹೇಗೆ?”

“ಅವನಿಗಾಗಿ ನಾನು ಬೇರೆಯೇ ಒಂದು ಸಾಲು ಬರೆದಿದ್ದೆ.”

“ಅಂದರೆ ಯಂತ್ರ ತಪ್ಪು ಮಾಡ್ತದೆ ಅಂತ ನಿಮಗೆ ಆಗಲೇ ಗೊತ್ತಿತ್ತು.”

“ಗೊತ್ತಿತ್ತು.”

“ಬೆನೆಡಿಕ್ಟಾ ಲೋಬೊ ಅವರಿಗೆ ಆ ಸಾಲನ್ನು ಯಾಕೆ ಬರೀಲಿಲ್ಲ?”

ಸಭಾಂಗಣದಲ್ಲಿ ನಗು ನಿಂತಿತು. ಮುಕ್ತಾಳ ಬಲಗೈ ಮೈಕನ್ನು ಬಿಟ್ಟು ಕೆಳಗಿಳಿಯಿತು, ಮತ್ತೆ ಮೇಲೆ ಬಂತು, ಎಲ್ಲಿರಬೇಕೆಂದು ಅದಕ್ಕೆ ತಿಳಿಯಲಿಲ್ಲ. ತಜ್ಞರ ಭಾಷೆಯಲ್ಲಿ ಹೇಳಬಹುದಾದ ನಾಲ್ಕು ಉತ್ತರಗಳು ಅವಳ ಬಾಯಲ್ಲಿದ್ದವು. ಯಾವುದೂ ನಿಜವಾಗಿರಲಿಲ್ಲ.

“ಅವರು ಲಿಯೊನಾರ್ಡೊ ಆಗಿರಲಿಲ್ಲ. ಅದಕ್ಕೇ” ಅಂದಳು.

ವರದಿಗಾರ್ತಿ ಕೂರಲಿಲ್ಲ. “ಅಂದರೆ ಆ ಚಿತ್ರದ ಎರಡನೇ ಕೈಯೂ ಅವರದ್ದೇ ಅಂತಲಾ?”

“ಗೊತ್ತಿಲ್ಲ. ಯಂತ್ರಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವರಲ್ಲಿ ಅದನ್ನು ಕೇಳುವ ಹಕ್ಕೂ ನನಗೆ ಉಳಿದಿಲ್ಲ.”

ಅಳತೆಗೆ ಸಿಗದ್ದನ್ನು ಹೇಳಬಾರದು, ಸಿಕ್ಕಿದ್ದನ್ನು ಮುಚ್ಚಬಾರದು ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದವಳು ಕ್ಯಾಮೆರಾಗಳ ಮುಂದೆ, ತಿಳಿದೂ ತಿಳಿದೂ ಹೇಳಿದ ಮೊದಲ ಸುಳ್ಳು ಅದು. ನಿಜ ಹೇಳಿದಾಗ ಆದ ನಾಚಿಕೆಗೆ ಈ ನಾಚಿಕೆಯೂ ಬಂದು ಸೇರಿತು.

ಸಂಜೆ ಮನೆಗೆ ಬಂದಾಗ ಯಮುನಮ್ಮ ಟಿ.ವಿ. ಆರಿಸಿ ಕೂತಿದ್ದರು. ಬಡಿಸಿ, ಎದುರಿಗೆ ಕೂತು, “ಸಾರು ಹಾಕ್ಲಾ?” ಅಂದರು. ಅವರು ಸೌಟು ಹಿಡಿದದ್ದು ಯಾವ ಕೈಯಲ್ಲಿ ಎಂದು ಮುಕ್ತಾ ಈಗ ನೋಡಿದಳು.

ಅವಳನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿದರು. ತೀರ್ಪುಗಳು ಅಮಾನತಿನಲ್ಲಿ ಉಳಿದವು. ಶಾಲೆಗಳು ಮಕ್ಕಳ ಚಿತ್ರಗಳಿಗೆ ಮೊಬೈಲು ಹಿಡಿಯುವುದನ್ನು ನಿಲ್ಲಿಸಿದವು. ಮೀನು ಮಾರುಕಟ್ಟೆಯ ಬೈಗುಳ ಮಾತ್ರ ಹಾಗೇ ಉಳಿಯಿತು. ಬೆನ್ನಬಾಯಿಯಿಂದ ಫೋನಾಗಲೀ ಮಾತಾಗಲೀ ಬರಲಿಲ್ಲ. ಮುಕ್ತಾಳಿಗೂ ಮಾಡುವ ಮುಖವಿರಲಿಲ್ಲ.

ಪವಿತ್ರ ಗುರುವಾರದಂದು ಅವಳು ಆ ಇಗರ್ಜಿಗೆ ಹೋದಳು. ಯಾರೂ ಕರೆದಿರಲಿಲ್ಲ. ಸಭಾಭವನದಲ್ಲಿ ಜನ ಸಾಲಾಗಿ ನಿಂತಿದ್ದರು. ಹಿತ್ತಾಳೆ ಫಲಕವನ್ನು ಬಿಚ್ಚಿದ್ದರು, ಹೊಸದನ್ನು ಹಾಕಿರಲಿಲ್ಲ. ತಿರುಪಿನ ನಾಲ್ಕು ತೂತುಗಳು ಗೋಡೆಯಲ್ಲಿ ಉಳಿದಿದ್ದವು. ಮೀನುಗಾರರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಕೋಲೂರಿದ ಮುದುಕರು ಒಬ್ಬೊಬ್ಬರಾಗಿ ಬಂದು ಪಾದ ಮುಟ್ಟಿ ಹೋಗುತ್ತಿದ್ದರು. ಮುಕ್ತಾ ಕಂಬದ ಮರೆಯಲ್ಲಿ ನಿಂತು ನೋಡಿದಳು. ಒಡೆದ ಹಿಮ್ಮಡಿ, ಅಗಲ ಬೆರಳು. ಲಾರೆನ್ಸ್ ಬೋರ್ಡ್ ಬರೆಯಲು ಏಣಿ ಹತ್ತುತ್ತಿದ್ದ ಪಾದಗಳು.

“ಅಡಗಿ ನಿಲ್ಲುದ್ಯಾಕೆ? ಅಷ್ಟು ದೊಡ್ಡ ಸಭೆಯಲ್ಲಿ ಎದುರು ನಿಂತವರಿಗೆ ಈ ಕಂಬ ಎಂತಕ್ಕೆ?”

ಬೆನ್ನಬಾಯಿ ಪಕ್ಕದಲ್ಲಿದ್ದರು. ಮುಕ್ತಾ ಏನೋ ಹೇಳಹೋದಳು.

“ಟಿವಿಯಲ್ಲಿ ನೋಡಿದೆ” ಅಂದರು ಅವರು. “ನಿಮ್ಮ ಕೈ ಎಲ್ಲಿ ಇಡ್ಬೇಕು ಅಂತ ನಿಮಗೆ ಗೊತ್ತಾಗ್ಲಿಲ್ಲ. ನಾನು ನನ್ನನ್ನೇ ನೋಡಿದ ಹಾಗೆ ಆಯ್ತು.”

“ಬಾಯಮ್ಮ, ನಾನು...”

“ಸಾಕು. ಬನ್ನಿ.” ಅವರು ಮುಕ್ತಾಳ ಮೊಣಕೈ ಹಿಡಿದು ಸಾಲಿನೊಳಗೆ ನಿಲ್ಲಿಸಿಕೊಂಡರು. ಸಾಲು ಮುಂದೆ ಸರಿಯಿತು. ಪಾದಗಳ ಎದುರು ಬಂದಾಗ ಬೆನ್ನಬಾಯಿ ಬಲಗೈಯಿಂದ ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ, ಸುತ್ತ ಜನರಿರುವಾಗಲೇ, ಸೆರಗಿನೊಳಗಿನಿಂದ ಎಡಗೈಯನ್ನು ತೆಗೆದು ಚಿತ್ರದ ಮೇಲಿಟ್ಟರು. ಯಾರೂ ಗಮನಿಸಲಿಲ್ಲ. ಹಿಂದಿನ ಮಗು ಏನೋ ತಿನ್ನಲು ಬೇಕೆಂದು ಅಳುತ್ತಿತ್ತು.

“ಈಗ ನೀವು” ಅಂದರು ಬೆನ್ನಬಾಯಿ ಪಕ್ಕಕ್ಕೆ ಸರಿದು. “ಮುಟ್ಟಿ. ಯಾವ ಕೈಯಾದ್ರೂ ಆದೀತು.”

ಹುಟ್ಟಿದಾಗಿನಿಂದ ಮುಕ್ತಾಳಿಗೆ ಯಾವ ಕೈ ಎಂಬ ಪ್ರಶ್ನೆಯೇ ಬಂದಿರಲಿಲ್ಲ. ಉಣ್ಣುವುದಕ್ಕೆ, ಬರೆಯುವುದಕ್ಕೆ, ತೀರ್ಪು ಕೊಡುವುದಕ್ಕೆ ಬಲಗೈ ತಾನಾಗಿಯೇ ಮುಂದೆ ಹೋಗುತ್ತಿತ್ತು. ಈಗ ಅವಳು ಎರಡೂ ಕೈಗಳನ್ನು ನೋಡಿಕೊಂಡಳು. ಹಿಂದೆ ಸಾಲು ಕಾಯುತ್ತಿತ್ತು. ಯಾವುದನ್ನೂ ಎತ್ತಲು ಅವಳಿಂದಾಗಲಿಲ್ಲ.